ರಾಗಿ ಬೇರಿನ ಒಂದು ಚಿತ್ರಕ್ಕಾಗಿ ರಿವ್ಯೂ ಪೇಪರ್‌ಗಳನ್ನು ಹುಡುಕಿದ್ದು

ನನ್ನ ಪಿಎಚ್‌ಡಿ ಪ್ರಬಂಧದ ಎರಡನೇ ಅಧ್ಯಾಯಕ್ಕೆ ಮಾರ್ಗದರ್ಶಕರ ಸಹಿ ಬಿತ್ತು. ಆ ಅಧ್ಯಾಯದ ದೊಡ್ಡ ಭಾಗ ಮೈಕ್ರೋಸ್ಕೋಪಿ ತಂತ್ರಗಳ ಸಾಹಿತ್ಯ ಸಮೀಕ್ಷೆ. ಪ್ರಯೋಗ ಮಾಡಿದ್ದಕ್ಕಿಂತ ಹೆಚ್ಚು ಕಷ್ಟವಾಗಿದ್ದು ಈ ಭಾಗ ಬರೆಯುವುದು, ಬರೆಯುವುದಕ್ಕಿಂತ ಕಷ್ಟವಾಗಿದ್ದು ಒಂದು ವಿಷಯದ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ವಿಮರ್ಶಿಸುವ, ಓದಲು ಯೋಗ್ಯವಾದ ರಿವ್ಯೂ ಪೇಪರ್‌ಗಳನ್ನು ಹುಡುಕುವುದು. ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತಾ ಪಾರ್ಟ್‌ಟೈಮ್ ಸಂಶೋಧನೆ ಮಾಡುವವರು ನನ್ನಂತೆ ಬಹಳ ಮಂದಿ ಇದ್ದೀರಿ. ನೆನಪು ಹಸಿಯಾಗಿರುವಾಗಲೇ ಬರೆದಿಟ್ಟರೆ ನಿಮ್ಮಲ್ಲಿ ಕೆಲವರಿಗಾದರೂ ಒಂದಿಷ್ಟು ಅಲೆದಾಟ ತಪ್ಪೀತು ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ವಿಷಯ ರಾಗಿ ಬೇರಿನೊಳಗೆ ಬದುಕುವ ಮೈಕೊರೈಜಾ ಶಿಲೀಂಧ್ರ. ಈ ಶಿಲೀಂಧ್ರ ಬೇರಿನ ಜೀವಕೋಶದೊಳಗೆ ಮರದಂತೆ ಕವಲೊಡೆಯುತ್ತದೆ. ಆ ಕವಲಿಗೆ ಆರ್ಬಸ್ಕ್ಯುಲ್ ಎಂದು ಹೆಸರು. ಗಿಡಕ್ಕೆ ರಂಜಕ ಸಿಗುವುದೂ ಶಿಲೀಂಧ್ರಕ್ಕೆ ಸಕ್ಕರೆ ಸಿಗುವುದೂ ಅಲ್ಲೇ. 1970ರಿಂದ ಬಳಕೆಯಲ್ಲಿರುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ, ಕಾಲೇಜಿನ ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ನೋಡಿ, ಎಷ್ಟು ಭಾಗ ಬೇರಿಗೆ ಶಿಲೀಂಧ್ರ ಹೊಕ್ಕಿದೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಪ್ರಗತಿ ಪರಿಶೀಲನಾ ಸಭೆಯಲ್ಲಿ ಒಬ್ಬ ಸದಸ್ಯರು, ‘ಆರ್ಬಸ್ಕ್ಯುಲಿನ ಗಾತ್ರದ ಬಗ್ಗೆ ಮಾತಾಡುತ್ತೀರಿ, ಹಾಗಾದರೆ ಮೂರು ಆಯಾಮದ ಚಿತ್ರ ಬೇಕು. ಯಾವ ತಂತ್ರ, ಯಾಕೆ ಅದೇ, ಯಾಕೆ ಇನ್ನೊಂದಲ್ಲ, ಇದನ್ನು ಸಾಹಿತ್ಯದಿಂದ ಸಮರ್ಥಿಸಿ’ ಎಂದರು. ನ್ಯಾಯವಾದ ಪ್ರಶ್ನೆಯೇ. ಆದರೆ ನಾನು ಸಸ್ಯಶಾಸ್ತ್ರದವಳು. ಬೆಳಕಿನ ಭೌತಶಾಸ್ತ್ರ ಓದಿದ್ದು ಪಿಯುಸಿಯಲ್ಲಿ. ಅಂದು ಬಸ್ಸಿನಲ್ಲಿ ವಾಪಸ್ ಬರುವಾಗ ನಿಜಕ್ಕೂ ಭಯವಾಗಿತ್ತು.

ಮೊದಲು ಕೈ ಹಾಕಿದ್ದು ಜೀವವಿಜ್ಞಾನ ಲೇಖನಗಳ ಉಚಿತ ಸೂಚಿಯಾದ ಪಬ್‌ಮೆಡ್‌ಗೆ. ಮೈಕ್ರೋಸ್ಕೋಪಿ, ಇಮೇಜಿಂಗ್ ಎಂದು ಟೈಪ್ ಮಾಡಿ ಎಡಗಡೆಯ ‘ರಿವ್ಯೂ’ ಪೆಟ್ಟಿಗೆಗೆ ಗುರುತು ಹಾಕಿದರೆ ಸಾವಿರಗಟ್ಟಲೆ ಫಲಿತಾಂಶಗಳು. ದಪ್ಪ ವಸ್ತುವಿನ ಒಂದೊಂದೇ ಪದರದ ಚಿತ್ರ ತೆಗೆಯುವ ‘ಕಾನ್‌ಫೋಕಲ್’ ತಂತ್ರದ ಹೆಸರು ಸೇರಿಸಿದರೆ ಕಣ್ಣಿನ ಕಾರ್ನಿಯಾ ಮತ್ತು ಚರ್ಮರೋಗದ ಲೇಖನಗಳು ಬಂದು ಕೂರುತ್ತವೆ. ಆ ವೈದ್ಯರೂ ಕಾನ್‌ಫೋಕಲ್ ಬಳಸುತ್ತಾರೆ. ‘ರೂಟ್’ ಎಂದು ಸೇರಿಸಿದರೆ ದಂತವೈದ್ಯರ ರೂಟ್ ಕೆನಾಲ್ ಲೇಖನಗಳು. ಇದಕ್ಕೆ ಪರಿಹಾರ ಪಬ್‌ಮೆಡ್‌ನ ಒಳಗೇ ಇದೆ: ಮೆಶ್ ಎಂಬ ವಿಷಯಸೂಚಿ. ಅದರಲ್ಲಿ ಗಿಡದ ಬೇರಿಗೆ, ಬೆಳಕು ಬಿದ್ದಾಗ ಹೊಳೆಯುವ ಬಣ್ಣಗಳನ್ನು ಬಳಸುವ ಫ್ಲೋರೊಸೆನ್ಸ್ ಮೈಕ್ರೋಸ್ಕೋಪಿಗೆ, ಕಾನ್‌ಫೋಕಲ್ ಮೈಕ್ರೋಸ್ಕೋಪಿಗೆ ಬೇರೆ ಬೇರೆ ನಿಗದಿತ ಪದಗಳಿವೆ. ಆ ಪದಗಳನ್ನು ಜೋಡಿಸಿ ಹುಡುಕಿದ ಮೇಲೆ ಹಲ್ಲು, ಕಣ್ಣು ಎಲ್ಲ ಹೋಗಿ ಪಟ್ಟಿ ಓದಬಹುದಾದಷ್ಟಕ್ಕೆ ಇಳಿಯಿತು. ಅಲ್ಲಿನ ಎಲ್ಲ ಲೇಖನಗಳಿಗೂ ಮೆಶ್ ಗುರುತು ಇರುವುದಿಲ್ಲ, ಹಾಗಾಗಿ ಸಾಮಾನ್ಯ ಪದಗಳಲ್ಲೂ ಪ್ರತ್ಯೇಕವಾಗಿ ಹುಡುಕಬೇಕು.

ಪಟ್ಟಿ ಇಳಿಯಿತು, ಆದರೆ ನನ್ನ ಕಷ್ಟ ಇಳಿಯಲಿಲ್ಲ. ಓದುತ್ತಾ ಹೋದಂತೆ ರಿವ್ಯೂಗಳಲ್ಲೇ ಜಾತಿಗಳಿವೆ ಎಂಬುದು ಕಾಣಿಸಿತು. ಬಹುಪಾಲು ಪಟ್ಟಿಯಂಥವು. 1873ರಲ್ಲಿ ಅರ್ನ್ಸ್ಟ್ ಆಬೆ ಬೆಳಕಿನ ಮೈಕ್ರೋಸ್ಕೋಪಿನಲ್ಲಿ ಎಷ್ಟು ಸಣ್ಣದನ್ನು ಬಿಡಿಸಿ ನೋಡಬಹುದು ಎಂಬುದಕ್ಕೆ ಮಿತಿ ಹಾಕಿದ ಎಂದು ಶುರುವಾಗಿ, 2014ರಲ್ಲಿ ಬೆಟ್ಸಿಗ್, ಹೆಲ್, ಮೋರ್ನರ್ ಆ ಮಿತಿ ದಾಟಿದ್ದಕ್ಕೆ ರಸಾಯನಶಾಸ್ತ್ರದ ನೊಬೆಲ್ ಪಡೆದರು ಎಂದು ಮುಗಿಯುತ್ತವೆ. ನಡುವೆ ಪ್ರತಿ ತಂತ್ರಕ್ಕೂ ಒಂದೊಂದು ಪ್ಯಾರಾ. ಎಲ್ಲ ತಂತ್ರವೂ ‘ಶಕ್ತಿಶಾಲಿ’, ಎಲ್ಲದಕ್ಕೂ ‘ಉಜ್ವಲ ಭವಿಷ್ಯ’. ಇಂಥವನ್ನು ರಾತ್ರಿ ಹನ್ನೊಂದರವರೆಗೆ ಓದಿ ಮಲಗಿದರೆ ಬೆಳಿಗ್ಗೆ ಏನೂ ಉಳಿದಿರುತ್ತಿರಲಿಲ್ಲ. ಇನ್ನೊಂದು ಜಾತಿ, ಒಂದು ಪ್ರಯೋಗಾಲಯ ತಾನೇ ಕಟ್ಟಿದ ಉಪಕರಣದ ಬಗ್ಗೆ ತಾನೇ ಬರೆದುಕೊಂಡದ್ದು. ಅದರಲ್ಲಿ ವಿವರ ಆಳವಾಗಿರುತ್ತದೆ, ತೂಕ ಒಂದೇ ಕಡೆಗಿರುತ್ತದೆ. ನನಗೆ ಬೇಕಾಗಿದ್ದು ಮೂರನೆಯದು: ಈ ತಂತ್ರ ಎಲ್ಲಿ ಕೈಕೊಡುತ್ತದೆ, ಕೈಕೊಟ್ಟಾಗ ಚಿತ್ರ ಹೇಗೆ ಕಾಣುತ್ತದೆ ಎಂದು ಹೇಳುವ ಲೇಖನ.

ಅದು ಸಿಕ್ಕಿದ್ದು ಒಂದು ಅಡಿಟಿಪ್ಪಣಿಯಿಂದ. ಯಾವುದೋ ಲೇಖನದ ಕೊನೆಯಲ್ಲಿ ಆಲಿಸನ್ ನಾರ್ತ್ 2006ರಲ್ಲಿ ಜರ್ನಲ್ ಆಫ್ ಸೆಲ್ ಬಯಾಲಜಿಯಲ್ಲಿ ಬರೆದ ಲೇಖನದ ಉಲ್ಲೇಖವಿತ್ತು. ಕಂಡದ್ದನ್ನೆಲ್ಲ ನಂಬಬಹುದೇ ಎಂದು ಶೀರ್ಷಿಕೆಯಲ್ಲೇ ಕೇಳಿ, ಚಿತ್ರ ತೆಗೆಯುವಾಗ ಹೊಸಬರು ಬೀಳುವ ಹಳ್ಳಗಳನ್ನು ತೋರಿಸುವ ಲೇಖನ ಅದು. ಈ ಜರ್ನಲ್ ಆರು ತಿಂಗಳು ಕಳೆದ ಲೇಖನಗಳನ್ನು ಉಚಿತವಾಗಿ ತೆರೆದಿಡುವುದರಿಂದ ಮನೆಯಲ್ಲೇ ಕೂತು ಓದಿದೆ. ಸ್ಯಾಂಪಲ್ ಮೇಲಿಡುವ ತೆಳು ಗಾಜಿನ (ಕವರ್‌ಸ್ಲಿಪ್) ದಪ್ಪ 0.17 ಮಿಲಿಮೀಟರ್ ಯಾಕಿರಬೇಕು, ಎಣ್ಣೆ ಹಾಕಿ ನೋಡುವ ಆಬ್ಜೆಕ್ಟಿವ್ (ಮಸೂರ) ಇಟ್ಟುಕೊಂಡು ನೀರಿನಲ್ಲಿರುವ ಬೇರಿನ ಆಳಕ್ಕೆ ಹೋದರೆ ಚಿತ್ರ ಯಾಕೆ ಮಸುಕಾಗುತ್ತದೆ, ಒಂದು ಬಣ್ಣ ಇನ್ನೊಂದರ ಚಾನೆಲ್ಲಿಗೆ ಸೋರುವುದನ್ನು ಹೇಗೆ ಪತ್ತೆ ಮಾಡಬೇಕು ಎಂಬ ಪ್ರಶ್ನೆಗಳು ಮೊದಲ ಬಾರಿಗೆ ನನ್ನ ಪ್ರಶ್ನೆಗಳಾಗಿ ಕಂಡವು. ಓದಿ ಮುಗಿಸಿದಾಗ ಆದ ಸಮಾಧಾನ ಹೇಳಲಾಗದು. ಈ ವಿಷಯ ನನಗೂ ಅರ್ಥವಾಗುವಂಥದ್ದು ಎಂಬ ಧೈರ್ಯ ಬಂದದ್ದು ಆವತ್ತು.

ಆ ಲೇಖನದ ಲೇಖಕಿ ಯಾರೆಂದು ನೋಡಿದೆ. ರಾಕಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಎಲ್ಲ ವಿಭಾಗದವರೂ ಬಂದು ಬಳಸುವ ಇಮೇಜಿಂಗ್ ಕೇಂದ್ರವನ್ನು ನಡೆಸಿದವರು. ಮುಂದೆ ನನಗೆ ಬಹಳ ಉಪಯೋಗಕ್ಕೆ ಬಂದ ಇನ್ನೊಂದು ಲೇಖನ, ಫ್ಲೋರೊಸೆನ್ಸ್ ಚಿತ್ರದಿಂದ ಅಳತೆ ತೆಗೆಯುವಾಗಿನ ನಿಖರತೆಯ ಬಗ್ಗೆ ಜೆನಿಫರ್ ವಾಟರ್ಸ್ 2009ರಲ್ಲಿ ಅದೇ ಜರ್ನಲ್ಲಿನಲ್ಲಿ ಬರೆದದ್ದು. ಅವರೂ ಹಾರ್ವರ್ಡ್ ಮೆಡಿಕಲ್ ಸ್ಕೂಲಿನ ಇಮೇಜಿಂಗ್ ಕೇಂದ್ರದವರು. ಕಾನ್‌ಫೋಕಲ್‌ನಿಂದ ಅಂಕಿಸಂಖ್ಯೆ ಪಡೆಯುವ ಬಗ್ಗೆ 2020ರಲ್ಲಿ ನೇಚರ್ ಪ್ರೊಟೊಕಾಲ್ಸ್‌ನಲ್ಲಿ ಬಂದ ಟ್ಯುಟೋರಿಯಲ್‌ನ ಮೊದಲ ಲೇಖಕ ಜೇಮ್ಸ್ ಜಾಂಕ್‌ಮನ್ ಟೊರೊಂಟೊದ ಇಂಥದೇ ಕೇಂದ್ರದವರು, ಅದರಲ್ಲಿ ನಾರ್ತ್ ಕೂಡ ಸಹಲೇಖಕಿ. ಇಲ್ಲಿ ನನಗೊಂದು ಸುಳಿವು ಸಿಕ್ಕಿತು. ಇಂಥ ಕೇಂದ್ರ ನಡೆಸುವವರು ದಿನವೂ ನೊಣ, ಮೀನು, ಗಿಡ, ಗಡ್ಡೆ ಎಂದು ಬಗೆಬಗೆಯ ಸ್ಯಾಂಪಲ್ ಹಿಡಿದು ಬರುವ ಹೊಸಬರನ್ನು ಕೂರಿಸಿಕೊಂಡು ಕಲಿಸುತ್ತಾರೆ. ಜನ ಎಲ್ಲಿ ಎಡವುತ್ತಾರೆ ಎಂಬುದು ಅವರಿಗೆ ಗೊತ್ತು, ಒಂದೇ ತಂತ್ರವನ್ನು ಮಾರಬೇಕಾದ ಒತ್ತಡ ಅವರಿಗಿಲ್ಲ. ಅಂದಿನಿಂದ ರಿವ್ಯೂ ತೆರೆದ ಕೂಡಲೇ ಸಾರಾಂಶಕ್ಕೂ ಮೊದಲು ಲೇಖಕರ ವಿಳಾಸ ನೋಡುವ ಅಭ್ಯಾಸ ಮಾಡಿಕೊಂಡೆ. ವಿಳಾಸದಲ್ಲಿ ‘ಫೆಸಿಲಿಟಿ’ ಅಥವಾ ‘ಇಮೇಜಿಂಗ್ ಸೆಂಟರ್’ ಎಂದಿದ್ದರೆ ಆ ಲೇಖನವನ್ನು ಮೊದಲು ಓದುತ್ತಿದ್ದೆ.

ಇಂಥ ಲೇಖನಗಳ ಶೀರ್ಷಿಕೆಯಲ್ಲಿ ‘ರಿವ್ಯೂ’ ಎಂಬ ಮಾತು ಸಾಮಾನ್ಯವಾಗಿ ಇರುವುದಿಲ್ಲ. ಪಬ್‌ಮೆಡ್‌ನ ರಿವ್ಯೂ ಫಿಲ್ಟರ್ ಕೂಡ ಕೆಲವನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಫಿಲ್ಟರ್ ತೆಗೆದು, ಶೀರ್ಷಿಕೆಯಲ್ಲಿ ಮಾತ್ರ ಹುಡುಕುವ ಆಯ್ಕೆ ಹಾಕಿ, ತಂತ್ರದ ಹೆಸರಿನ ಜೊತೆ ಗೈಡ್, ಟ್ಯುಟೋರಿಯಲ್, ಪ್ರೈಮರ್, ಪ್ರಾಕ್ಟಿಕಲ್, ಪಿಟ್‌ಫಾಲ್ಸ್ ಎಂಬ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಸೇರಿಸಿ ನೋಡಿ. ನನಗೆ ಉಳಿದ ಎಲ್ಲ ಉಪಾಯಗಳಿಗಿಂತ ಹೆಚ್ಚು ಫಲ ಕೊಟ್ಟದ್ದು ಇದು. ಇದರ ಜೊತೆಗೆ ಗೂಗಲ್ ಸ್ಕಾಲರ್‌ನಲ್ಲಿ ಹಳೆಯ ಒಳ್ಳೆಯ ಲೇಖನವೊಂದನ್ನು ತೆರೆದು, ‘ಸೈಟೆಡ್ ಬೈ’ ಒತ್ತಿ, ಬಂದ ಪಟ್ಟಿಯೊಳಗೇ ಮತ್ತೆ ಹುಡುಕುವ ಸೌಲಭ್ಯವಿದೆ. 2006ರ ನಾರ್ತ್ ಲೇಖನವನ್ನು ಉಲ್ಲೇಖಿಸಿದವರ ಪೈಕಿ ಗಿಡದ ಬೇರಿನ ಬಗ್ಗೆ ಬರೆದವರು ಯಾರು ಎಂದು ಹಾಗೆ ಸೋಸಬಹುದು. ಹಳೆಯದು ಎಂದು ತಳ್ಳಿಹಾಕಬೇಡಿ. ನೇಚರ್ ಮೆಥಡ್ಸ್‌ನಲ್ಲಿ 2005ರಲ್ಲಿ ಲಿಕ್ಟ್‌ಮನ್ ಮತ್ತು ಕಾಂಚೆಲ್ಲೊ ಫ್ಲೋರೊಸೆನ್ಸ್ ಮೈಕ್ರೋಸ್ಕೋಪಿಯ ಬಗ್ಗೆ ಬರೆದದ್ದನ್ನು ಇಂದಿಗೂ ಮೂಲಪಾಠವಾಗಿ ಓದಬಹುದು. ಕ್ಯಾಮೆರಾ, ಲೇಸರ್ ಬದಲಾಗಿವೆ, ಬೆಳಕು ಬದಲಾಗಿಲ್ಲ.

ಹಣದ ವಿಷಯಕ್ಕೆ ಬರುತ್ತೇನೆ. ಬೇಕಾದ ಲೇಖನಗಳಲ್ಲಿ ಅರ್ಧದಷ್ಟಕ್ಕೆ ಬೀಗವಿತ್ತು. ಒಂದು ಲೇಖನಕ್ಕೆ ಮೂವತ್ತು, ನಲವತ್ತು ಡಾಲರ್ ಕೇಳುವುದು ಸಾಮಾನ್ಯ. ಅಷ್ಟು ರೂಪಾಯಿ ಕೊಟ್ಟು ಓದಿದ ಮೇಲೆ ಅದು ಪಟ್ಟಿಯಂಥ ರಿವ್ಯೂ ಎಂದು ಗೊತ್ತಾದರೆ ಆಗುವ ಸಂಕಟ ಬೇರೆ. ನಾನು ಒಂದಕ್ಕೂ ಹಣ ಕೊಡಲಿಲ್ಲ, ನೀವೂ ಕೊಡಬೇಕಿಲ್ಲ. ಜರ್ನಲ್‌ಗಳ ಚಂದಾವನ್ನು ಸರ್ಕಾರವೇ ಕಟ್ಟುವ, 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ 2025ರ ಜನವರಿಯಿಂದ ಜಾರಿಯಲ್ಲಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆ, ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಗಳಿಗೆ ಇದು ಅನ್ವಯಿಸುತ್ತದೆ. ನಾನು ಪಾಠ ಮಾಡುವುದು ಖಾಸಗಿ ಕಾಲೇಜಿನಲ್ಲಿ, ಹಾಗಾಗಿ ಅಲ್ಲಿಂದ ತೆರೆಯುವುದಿಲ್ಲ. ಆದರೆ ಸಂಶೋಧನೆಗೆ ನೋಂದಣಿಯಾಗಿರುವ ವಿಶ್ವವಿದ್ಯಾಲಯ ಸರ್ಕಾರದ್ದು. ನೋಂದಾಯಿತ ಸಂಶೋಧಕಿಯಾಗಿ ಅಲ್ಲಿನ ಹಕ್ಕು ನನಗೂ ಇದೆ ಎಂಬುದು ತಿಳಿಯುವಷ್ಟರಲ್ಲಿ ಒಂದು ಸೆಮಿಸ್ಟರ್ ಕಳೆದಿತ್ತು.

ಹಕ್ಕು ಇದ್ದರೂ ಮನೆಯಿಂದ ಓದಲು ಲಾಗಿನ್ ಬೇಕು. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಸಂಸ್ಥೆಯಾದ ಇನ್‌ಫ್ಲಿಬ್‌ನೆಟ್‌ನ ‘ಇನ್‌ಫೆಡ್’ ಎಂಬ ವ್ಯವಸ್ಥೆ ಇರುವುದು ಇದಕ್ಕಾಗಿಯೇ. ಗ್ರಂಥಪಾಲಕರು ನಿಮ್ಮ ಹೆಸರು ಸೇರಿಸಿದರೆ ಕ್ಯಾಂಪಸ್ಸಿನ ಹೊರಗಿನಿಂದಲೂ ಲೇಖನ ತೆರೆಯುತ್ತದೆ. ನನಗೆ ಕೇಳಿದ ದಾಖಲೆಗಳು ಇವು: ನೋಂದಣಿ ಪತ್ರದ ಪ್ರತಿ, ಆ ವರ್ಷದ ಶುಲ್ಕದ ರಸೀದಿ, ಮಾರ್ಗದರ್ಶಕರ ಸಹಿ ಇರುವ ಒಂದು ಪುಟದ ವಿನಂತಿ, ಗುರುತಿನ ಚೀಟಿ. ಶುಲ್ಕದ ರಸೀದಿ ಹಿಂದಿನ ವರ್ಷದ್ದಾಗಿದ್ದರೆ ಅರ್ಜಿ ವಾಪಸ್ ಬರುತ್ತದೆ, ಹೊಸದನ್ನೇ ಇಟ್ಟುಕೊಂಡು ಹೋಗಿ. ವಿಶ್ವವಿದ್ಯಾಲಯದ ಇಮೇಲ್ ವಿಳಾಸ ಇಲ್ಲದಿದ್ದರೆ ಮೊದಲು ಅದಕ್ಕೊಂದು ಅರ್ಜಿ, ಅದು ಬೇರೆ ಕಚೇರಿ. ಈ ಎರಡು ಕಚೇರಿಗಳ ನಡುವೆ ನನ್ನ ಕಾಗದ ಬಹಳ ದಿನ ಕೂತಿತು. ಕಾಯುವ ಕಾಲದಲ್ಲಿ ರಜೆ ಹಾಕಿ ಗ್ರಂಥಾಲಯಕ್ಕೇ ಹೋಗಿ ಕ್ಯಾಂಪಸ್ ನೆಟ್‌ವರ್ಕಿನಲ್ಲಿ ಪಿಡಿಎಫ್‌ಗಳನ್ನು ಇಳಿಸಿಕೊಂಡು ಬರುತ್ತಿದ್ದೆ. ಹೋಗುವ ಮೊದಲೇ ಬೇಕಾದ ಲೇಖನಗಳ ಡಿಒಐಗಳನ್ನು, ಅಂದರೆ ಪ್ರತಿ ಲೇಖನಕ್ಕೂ ಕೊಡುವ ಗುರುತಿನ ಸಂಖ್ಯೆಗಳನ್ನು, ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡಿದ್ದರೆ ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿದು ಬಸ್ಸು ಸಿಗುತ್ತದೆ.

ಯಾವ ಸಂಸ್ಥೆಯ ನಂಟೂ ಇಲ್ಲದವರಿಗೂ ದಾರಿಗಳಿವೆ. ಅನ್‌ಪೇವಾಲ್ ಎಂಬ ಉಚಿತ ಸೌಲಭ್ಯವನ್ನು ಬ್ರೌಸರಿಗೆ ಸೇರಿಸಿಕೊಂಡರೆ ಆ ಲೇಖನದ ಕಾನೂನುಬದ್ಧ ಉಚಿತ ಪ್ರತಿ ಬೇರೆಲ್ಲಾದರೂ ಇದೆಯೇ ಎಂದು ಅದೇ ತೋರಿಸುತ್ತದೆ. ಪಬ್‌ಮೆಡ್ ಸೆಂಟ್ರಲ್ ಮತ್ತು ಯುರೋಪ್ ಪಿಎಂಸಿಯಲ್ಲಿ ಬಹಳಷ್ಟು ಪೂರ್ಣ ಪಾಠಗಳಿವೆ. ಅದೂ ಆಗದಿದ್ದರೆ ಲೇಖಕರಿಗೇ ನಾಲ್ಕು ಸಾಲಿನ ಇಮೇಲ್ ಬರೆಯಿರಿ. ನಾನು ಬರೆದವರಲ್ಲಿ ಹಲವರು ಪಿಡಿಎಫ್ ಕಳಿಸಿದರು. ಒಬ್ಬರು ನನ್ನ ಸ್ಯಾಂಪಲ್ ಏನೆಂದು ಕೇಳಿ, ತಮ್ಮ ಲೇಖನಕ್ಕಿಂತ ನನಗೆ ಹೆಚ್ಚು ಹೊಂದುವ ಇನ್ನೊಬ್ಬರ ಲೇಖನವನ್ನೂ ಜೊತೆಗಿಟ್ಟಿದ್ದರು. ಅಪರಿಚಿತರೊಬ್ಬರ ಆ ಔದಾರ್ಯ ನೆನೆದರೆ ಈಗಲೂ ಮನಸ್ಸು ತುಂಬುತ್ತದೆ.

ಈ ನಡುವೆ ಸಹೋದ್ಯೋಗಿಯೊಬ್ಬರು ಎಐ ಚಾಟ್‌ಬಾಟ್‌ಗೆ ಕೇಳಿ ಒಂದು ರಿವ್ಯೂ ಪಟ್ಟಿ ತಂದುಕೊಟ್ಟರು. ನೋಡಲು ಬಹಳ ಚೆನ್ನಾಗಿತ್ತು: ನಿಜವಾದ ವಿಜ್ಞಾನಿಗಳ ಹೆಸರು, ನಿಜವಾದ ಜರ್ನಲ್, ನಂಬುವಂಥ ಶೀರ್ಷಿಕೆ. ಒಂದೊಂದನ್ನೂ ಡಿಒಐ ಹಾಕಿ ಪರೀಕ್ಷಿಸಿದಾಗ ಕೆಲವು ಲೇಖನಗಳು ಅಸ್ತಿತ್ವದಲ್ಲೇ ಇರಲಿಲ್ಲ, ಕೆಲವು ಡಿಒಐಗಳು ಬೇರಾವುದೋ ವಿಷಯದ ಲೇಖನಕ್ಕೆ ಕರೆದೊಯ್ದವು. ಪದಗಳ ಅರ್ಥ ಕೇಳಲು, ಒಂದು ಸಮೀಕರಣ ಬಿಡಿಸಿಕೊಳ್ಳಲು ಅದು ಉಪಯೋಗಕ್ಕೆ ಬರುತ್ತದೆ. ಉಲ್ಲೇಖವನ್ನು ಮಾತ್ರ ಪ್ರಕಾಶಕರ ಪುಟ ತೆರೆದು ನೋಡದೆ ಪ್ರಬಂಧಕ್ಕೆ ಸೇರಿಸಬೇಡಿ. ಹಾಗೆಯೇ ಹಿಂಪಡೆದ ಲೇಖನಗಳ ರಿಟ್ರ್ಯಾಕ್ಷನ್ ವಾಚ್ ದತ್ತಾಂಶ ಈಗ ಎಲ್ಲರಿಗೂ ಉಚಿತವಾಗಿ ತೆರೆದಿದೆ. ನೀವು ಬಹಳವಾಗಿ ಆಧರಿಸುವ ಲೇಖನಗಳನ್ನು ಅದರಲ್ಲೊಮ್ಮೆ ನೋಡಿಬಿಡಿ.

ತಂತ್ರಗಳಿಂದ ಶುರು ಮಾಡದೆ ಸ್ಯಾಂಪಲ್ಲಿನಿಂದ ಶುರು ಮಾಡಿದ ಮೇಲೆ ಹುಡುಕಾಟದ ಸ್ವರೂಪವೇ ಬದಲಾಯಿತು. ಒಂದು ಹಾಳೆಯಲ್ಲಿ ಬರೆದುಕೊಂಡೆ: ಬೇರು ದಪ್ಪ, ಬೆಳಕನ್ನು ಚದುರಿಸುತ್ತದೆ. ಕೋಶದ ಗೋಡೆಯನ್ನು ಗಟ್ಟಿ ಮಾಡುವ ಲಿಗ್ನಿನ್ ಇದೆ, ಬಣ್ಣ ಹಾಕದಿದ್ದರೂ ಅದು ತಾನಾಗಿಯೇ ಹೊಳೆಯುತ್ತದೆ. ಬೇರು ಜೀವಂತ ಇರಬೇಕಿಲ್ಲ. ನೋಡಬೇಕಾದ ಜೀವಕೋಶ ಹತ್ತಾರು ಮೈಕ್ರಾನ್ ಅಗಲ, ಅದರೊಳಗಿನ ಅತಿ ಸಣ್ಣ ಕವಲು ಒಂದು ಮೈಕ್ರಾನಿಗಿಂತ ಕಡಿಮೆ. ಈಗ ಪ್ರತಿ ರಿವ್ಯೂಗೂ ಕೇಳಲು ನನ್ನ ಬಳಿ ನಿರ್ದಿಷ್ಟ ಪ್ರಶ್ನೆಗಳಿದ್ದವು.

ಆಬೆಯ ಮಿತಿಯನ್ನು ದಾಟುವ ಸೂಪರ್ ರೆಸಲ್ಯೂಷನ್ ತಂತ್ರಗಳು ಬೇಕೇ? ಶೆರ್ಮೆಲೆ ಮತ್ತು ಸಂಗಡಿಗರು 2010ರಲ್ಲಿ ಜರ್ನಲ್ ಆಫ್ ಸೆಲ್ ಬಯಾಲಜಿಯಲ್ಲಿ ಒಂದು, 2019ರಲ್ಲಿ ನೇಚರ್ ಸೆಲ್ ಬಯಾಲಜಿಯಲ್ಲಿ ಒಂದು ರಿವ್ಯೂ ಬರೆದಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಆ ಕ್ಷೇತ್ರ ಒಂಬತ್ತು ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ಬಂತು ಎಂಬುದೂ ತಿಳಿಯುತ್ತದೆ. ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪಿನ ಮಿತಿ ಅಡ್ಡಲಾಗಿ ಸುಮಾರು 200 ನ್ಯಾನೊಮೀಟರ್, ಆಳದ ದಿಕ್ಕಿನಲ್ಲಿ 500ಕ್ಕೂ ಹೆಚ್ಚು. ಇಂಥ ತಂತ್ರಗಳಲ್ಲಿ ಸಿಮ್ ಎಂಬುದು ಇದನ್ನು ಸರಿಸುಮಾರು ಅರ್ಧಕ್ಕಿಳಿಸುತ್ತದೆ, ಸ್ಟೆಡ್ ಮತ್ತು ಸ್ಟಾರ್ಮ್ ಎಂಬವು ಇನ್ನೂ ಕೆಳಗೆ ಹೋಗುತ್ತವೆ. ಆದರೆ ಅವು ಕೇಳುವ ಬೆಲೆ ದೊಡ್ಡದು: ಕವರ್‌ಸ್ಲಿಪ್‌ಗೆ ಹತ್ತಿರವಿರುವ ತೆಳು ಸ್ಯಾಂಪಲ್, ಪ್ರಖರ ಬೆಳಕು, ಆರಿಸಿದ ಬಣ್ಣಗಳು. ನನ್ನ ಪ್ರಶ್ನೆ ಆರ್ಬಸ್ಕ್ಯುಲಿನ ಒಟ್ಟು ಗಾತ್ರದ್ದು, ಅದಕ್ಕೆ ಇವು ಬೇಕಿರಲಿಲ್ಲ. ಬೇಡ ಎಂದು ಆಧಾರಸಹಿತ ಬರೆದ ಆ ಒಂದು ಪುಟವೇ ಅಧ್ಯಾಯದಲ್ಲಿ ನನಗೆ ಅತ್ಯಂತ ಇಷ್ಟವಾದ ಪುಟ.

ಲೈಟ್ ಶೀಟ್ ತಂತ್ರದ ಸಾಹಿತ್ಯ ಹುಡುಕುವಾಗ ಬೇರೆಯೇ ತೊಡಕು ಎದುರಾಯಿತು. ಬೆಳಕಿನ ತೆಳು ಹಾಳೆಯೊಂದನ್ನು ಪಕ್ಕದಿಂದ ಹಾಯಿಸುವ ಈ ಉಪಾಯ 1903ರಷ್ಟು ಹಳೆಯದು. 2004ರಲ್ಲಿ ಹೈಡೆಲ್‌ಬರ್ಗಿನ ಜೀವವಿಜ್ಞಾನ ಸಂಸ್ಥೆ ಇಎಂಬಿಎಲ್‌ನಲ್ಲಿ ಹುಯಿಸ್ಕೆನ್ ಮತ್ತಿತರರು ಅದನ್ನು ಭ್ರೂಣಗಳ ಮೇಲೆ ಬಳಸಿ ‘ಸ್ಪಿಮ್’ ಎಂದರು. ಬೇರೆ ಗುಂಪುಗಳು ಬೇರೆ ಹೆಸರಿಟ್ಟವು, ಅದರಲ್ಲೊಂದು ‘ಅಲ್ಟ್ರಾಮೈಕ್ರೋಸ್ಕೋಪಿ’. ಅದೇ ಹೆಸರಿನ ಜರ್ನಲ್ ಒಂದಿದ್ದು, ಅದರಲ್ಲಿ ಬರುವುದು ಹೆಚ್ಚಾಗಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ. ಆದ್ದರಿಂದ ಎಲ್ಲ ಹೆಸರುಗಳನ್ನೂ ‘ಅಥವಾ’ ಹಾಕಿ ಒಟ್ಟಿಗೆ ಹುಡುಕಬೇಕು. 2021ರಲ್ಲಿ ನೇಚರ್ ರಿವ್ಯೂಸ್ ಮೆಥಡ್ಸ್ ಪ್ರೈಮರ್ಸ್‌ನಲ್ಲಿ ಸ್ಟೆಲ್ಟ್ಸರ್ ಮತ್ತು ಸಂಗಡಿಗರ ಪ್ರೈಮರ್ ಬಂದಿದೆ, ಹೆಸರುಗಳ ಗೊಂದಲ ಪರಿಹಾರವಾಗಲು ಅದೊಂದೇ ಸಾಕು.

ದಪ್ಪದ ಸಮಸ್ಯೆಗೆ ಉತ್ತರ ಮೈಕ್ರೋಸ್ಕೋಪಿಯ ರಿವ್ಯೂಗಳಲ್ಲಿ ಸಿಗಲಿಲ್ಲ, ಗಿಡದ ಅಂಗಾಂಶವನ್ನು ಪಾರದರ್ಶಕ ಮಾಡುವ ವಿಧಾನಗಳ ಸಾಹಿತ್ಯದಲ್ಲಿ ಸಿಕ್ಕಿತು. 2015ರಲ್ಲಿ ಜಪಾನಿನ ಗುಂಪೊಂದು ಪ್ರಕಟಿಸಿದ ‘ಕ್ಲಿಯರ್‌ಸೀ’ ದ್ರಾವಣಕ್ಕೆ ಬೇಕಾಗುವುದು ಜೈಲಿಟಾಲ್, ಯೂರಿಯಾ, ಸೋಡಿಯಂ ಡಿಆಕ್ಸಿಕೋಲೇಟ್. ಕಾಲೇಜಿನ ಲ್ಯಾಬಿನಲ್ಲೇ ತಯಾರಿಸಬಹುದು. ಶಿಲೀಂಧ್ರದ ಗೋಡೆಯಲ್ಲಿರುವ ಕೈಟಿನ್‌ಗೆ ಅಂಟುವ ವೀಟ್ ಜರ್ಮ್ ಅಗ್ಲುಟಿನಿನ್ ಎಂಬ ಪ್ರೋಟೀನಿಗೆ ಹಸಿರಾಗಿ ಹೊಳೆಯುವ ಬಣ್ಣ ಕಟ್ಟಿ ಬಳಸಿದರೆ ಸಾಮಾನ್ಯ ಕಾನ್‌ಫೋಕಲ್ ಸಾಕು ಎಂಬ ತೀರ್ಮಾನಕ್ಕೆ ಬಂದದ್ದು ಹೀಗೆ. ದುಬಾರಿಯಾಗುವುದು ಆ ಬಣ್ಣ ಕಟ್ಟಿದ ಪ್ರೋಟೀನ್ ಮಾತ್ರ.

ಓದಿದ್ದು ಮನಸ್ಸಿಗೆ ಹತ್ತದಿದ್ದಾಗ ಐಬಯಾಲಜಿಯ ಉಚಿತ ಮೈಕ್ರೋಸ್ಕೋಪಿ ಉಪನ್ಯಾಸಗಳನ್ನು ಮೊಬೈಲಿನಲ್ಲಿ ನೋಡುತ್ತಿದ್ದೆ. ನಿಕಾನ್‌ನ ಮೈಕ್ರೋಸ್ಕೋಪಿಯು ಎಂಬ ತಾಣದಲ್ಲಿ ಕಾನ್‌ಫೋಕಲ್‌ನಲ್ಲಿ ಬೆಳಕು ಹಾಯುವ ಕಿರುರಂಧ್ರವಾದ ಪಿನ್‌ಹೋಲ್ ಹಿಗ್ಗಿಸಿ ಕುಗ್ಗಿಸಿ ನೋಡಬಹುದಾದ ಚಿತ್ರಗಳಿವೆ. ಅವನ್ನು ಪ್ರಬಂಧದಲ್ಲಿ ಉಲ್ಲೇಖಿಸುವಂತಿಲ್ಲ, ಅರ್ಥ ಮಾಡಿಕೊಳ್ಳಲು ಬಹಳ ಒಳ್ಳೆಯವು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ನಡೆಯುವ ಬೆಂಗಳೂರು ಮೈಕ್ರೋಸ್ಕೋಪಿ ಕೋರ್ಸಿಗೆ ಅರ್ಜಿ ಹಾಕುವ ಅವಕಾಶವಿದ್ದರೆ ಬಿಡಬೇಡಿ.

ಬರೆಯುವ ಹಂತದಲ್ಲಿ ಎರಡು ವಿಷಯ ಮುಂಚೆಯೇ ತಿಳಿದಿರಲಿ. ಯುಜಿಸಿಯ 2018ರ ನಿಯಮದಂತೆ ಬೇರೆಯವರ ಬರಹದೊಂದಿಗಿನ ಸಾಮ್ಯತೆ ಶೇ 10ರವರೆಗೆ ಇದ್ದರೆ ದಂಡವಿಲ್ಲ, ಅದನ್ನು ಮೀರಿ ಶೇ 40ರವರೆಗೆ ಇದ್ದರೆ ತಿದ್ದಿ ಕೊಡಬೇಕು, ಅದಕ್ಕೂ ಹೆಚ್ಚಾದರೆ ಶಿಕ್ಷೆ ಇನ್ನೂ ಕಠಿಣ. ಮೈಕ್ರೋಸ್ಕೋಪಿಯ ಭಾಗದಲ್ಲಿ ಈ ಅಂಕಿ ಬೇಗ ಏರುತ್ತದೆ, ಯಾಕೆಂದರೆ ಕಾನ್‌ಫೋಕಲ್‌ನ ಕೆಲಸ ವಿವರಿಸುವ ವಾಕ್ಯಗಳು ಎಲ್ಲರಲ್ಲೂ ಒಂದೇ ತರಹ ಇರುತ್ತವೆ. ಲೇಖನ ಮುಚ್ಚಿಟ್ಟು, ಕನ್ನಡದಲ್ಲಿ ಯಾರಿಗಾದರೂ ವಿವರಿಸಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯುವುದು ನನಗೆ ಒಗ್ಗಿದ ದಾರಿ. ಕೇಳಲು ನನ್ನ ತಂಗಿ ಇದ್ದಳು. ಅವಳು ಬ್ಯಾಂಕಿನವಳು, ಅರ್ಥವಾಗದಿದ್ದರೆ ನೇರವಾಗಿ ಹೇಳುತ್ತಿದ್ದಳು.

ಎರಡನೆಯದು ಚಿತ್ರಗಳ ಅನುಮತಿ. ರಿವ್ಯೂವಿನ ಚಿತ್ರವೊಂದನ್ನು ಪ್ರಬಂಧಕ್ಕೆ ಹಾಕಿಕೊಳ್ಳಬೇಕಾದರೆ ಅದರ ಪರವಾನಗಿ ನೋಡಿ. ಸಿಸಿ ಬೈ ಎಂಬ ಮುಕ್ತ ಪರವಾನಗಿ ಇದ್ದರೆ ಮೂಲ ಹೇಳಿ ಬಳಸಬಹುದು. ಇಲ್ಲದಿದ್ದರೆ ಪ್ರಕಾಶಕರ ಪುಟದಲ್ಲೇ ಅನುಮತಿ ಕೇಳುವ ಕೊಂಡಿ ಇರುತ್ತದೆ. ಪ್ರಬಂಧಕ್ಕಾದರೆ ಬಹಳಷ್ಟು ಪ್ರಕಾಶಕರು ಶುಲ್ಕ ಕೇಳುವುದಿಲ್ಲ, ಅನುಮತಿ ಪತ್ರ ಮಾತ್ರ ಕೊನೆಯಲ್ಲಿ ಲಗತ್ತಿಸಬೇಕು. ಒಂದು ಅನುಮತಿ ಬರುವುದು ತಡವಾದ್ದರಿಂದ ಆ ಚಿತ್ರವನ್ನು ನಾನೇ ಚಿತ್ರ ಬರೆಯುವ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಹೊಸದಾಗಿ ಬರೆದೆ. ಬರೆಯುವಾಗ ಬೆಳಕಿನ ದಾರಿ ಇನ್ನೂ ಚೆನ್ನಾಗಿ ಅರ್ಥವಾಯಿತು.

ಈಗ ದೇಶದ ಸಂಶೋಧನಾ ಉಪಕರಣಗಳನ್ನು ಎಲ್ಲರೂ ಹಂಚಿಕೊಂಡು ಬಳಸಲು ಇರುವ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಹತ್ತಿರದ ಕಾನ್‌ಫೋಕಲ್ ಹುಡುಕಿ ಸಮಯ ಕಾಯ್ದಿರಿಸಿದ್ದೇನೆ. ಅರ್ಜಿಯಲ್ಲಿ ಸ್ಯಾಂಪಲ್ಲಿನ ದಪ್ಪ, ಮೌಂಟಿಂಗ್ ಮಾಧ್ಯಮ, ಬಣ್ಣದ ಹೀರಿಕೆ ಮತ್ತು ಹೊರಸೂಸುವ ತರಂಗಾಂತರ, ಬೇಕಾದ ಆಬ್ಜೆಕ್ಟಿವ್ ಎಲ್ಲವನ್ನೂ ಕೇಳಿದ್ದರು. ಯಾರನ್ನೂ ಕೇಳದೆ ತುಂಬಿದೆ. ಬಣ್ಣ ಹಾಕದ ಬೇರಿನ ಒಂದು ತುಂಡನ್ನೂ ಹೋಲಿಕೆಗಾಗಿ ತರುತ್ತೇನೆ ಎಂದು ಕೊನೆಯಲ್ಲಿ ಸೇರಿಸಿದ್ದಕ್ಕೆ, ಅಲ್ಲಿನ ಆಪರೇಟರ್ ಫೋನ್ ಮಾಡಿ, ಹಾಗಾದರೆ ಮೊದಲು ಅದನ್ನೇ ನೋಡೋಣ, ಲಿಗ್ನಿನ್ ಎಷ್ಟು ಹೊಳೆಯುತ್ತದೆ ಗೊತ್ತಾದರೆ ಲೇಸರ್ ಹೊಂದಿಸುವುದು ಸುಲಭ ಎಂದರು.